ಹೊಸ ರಸ್ತೆಯನ್ನು ಮತ್ತೆ ಮತ್ತೆ ಅಗೆಯುವುದು ಯಾಕೆ? ನೀರು, ಕರೆಂಟು, ಟ್ರಾಫಿಕ್ ಎಲ್ಲ ಒಟ್ಟಿಗೆ ಪ್ಲಾನ್ ಮಾಡೋಕೆ ಆಗಲ್ವಾ?

ನಿಮ್ಮ ಬೀದಿಗೆ ಡಾಂಬರು ಹಾಕಿದರು, ಕೆಲವೇ ತಿಂಗಳಲ್ಲಿ ನೀರಿನವರು ಅಗೆದರು, ಅವರ ಹಿಂದೆಯೇ ಕೇಬಲ್‌ನವರು ಬಂದರು, ಈಗ ವೈಟ್‌ಟಾಪಿಂಗ್, ಅಂದರೆ ಡಾಂಬರಿನ ಮೇಲೆ ಕಾಂಕ್ರೀಟ್ ಹಾಕುವ ಕೆಲಸ, ಅಂತ ಮತ್ತೆ ರಸ್ತೆ ಮುಚ್ಚುತ್ತಾರೆ ಅಂದಿದ್ದೀರಿ. ಇದನ್ನು ಒಂದೇ ಸಲಕ್ಕೆ ಮುಗಿಸೋಕೆ ಆಗಲ್ವಾ, ನಾವು ನಿವಾಸಿಗಳು ಏನು ಕೇಳಬೇಕು ಅನ್ನೋದು ಪ್ರಶ್ನೆ. ನಾನು ಬೆಂಗಳೂರಿನಲ್ಲಿ ರಸ್ತೆ ವಿನ್ಯಾಸದ ಕೆಲಸ ಮಾಡುವ ಸಿವಿಲ್ ಎಂಜಿನಿಯರ್. ಆಗುತ್ತದೆ ಅಂತ ಧೈರ್ಯವಾಗಿ ಹೇಳುತ್ತೇನೆ. ಆದರೆ ಪ್ಲಾನ್ ನೆಲದಡಿಯಿಂದ ಶುರುವಾಗಬೇಕು, ಡಾಂಬರು ಕೊನೆಗೆ ಬರಬೇಕು. ನಮ್ಮಲ್ಲಿ ಬಹಳಷ್ಟು ಕಡೆ ಇದು ತಿರುಗುಮುರುಗಾಗಿದೆ.

ಮೊದಲ ತೊಂದರೆ, ಕೆಳಗೆ ಏನಿದೆ ಅಂತ ಪೂರ್ತಿಯಾಗಿ ಯಾರಿಗೂ ಗೊತ್ತಿಲ್ಲ. ಡ್ರಾಯಿಂಗ್‌ನಲ್ಲಿ ಎಲ್ಲವೂ ನೇರ ಗೆರೆ. ಸೈಟಿನಲ್ಲಿ ಟ್ರಯಲ್ ಪಿಟ್, ಅಂದರೆ ಪರೀಕ್ಷೆಗೆ ಒಂದು ಗುಂಡಿ, ತೆಗೆದು ನೋಡಿ. ಮೊದಲು ಪದರ ಪದರವಾಗಿ ಹಳೆಯ ಡಾಂಬರು, ಅದರಡಿ ಜಲ್ಲಿ. ಮೊಣಕಾಲುದ್ದಕ್ಕೇ ಬಣ್ಣಬಣ್ಣದ ಪ್ಲಾಸ್ಟಿಕ್ ಕೊಳವೆಗಳ ಕಟ್ಟು ಸಿಗುತ್ತದೆ. ಅದು ಇಂಟರ್ನೆಟ್ ಫೈಬರ್. ನಿಯಮದ ಪ್ರಕಾರ ಅದು ಇನ್ನೂ ಆಳದಲ್ಲಿರಬೇಕು. ಇನ್ನೊಂದಿಷ್ಟು ಕೆಳಗೆ ಇಟ್ಟಿಗೆ ಸಾಲು ಕಂಡರೆ ಗುದ್ದಲಿ ನಿಲ್ಲಿಸಬೇಕು, ಅದರಡಿ 11 ಕೆವಿ, ಅಂದರೆ 11 ಸಾವಿರ ವೋಲ್ಟಿನ, ಕರೆಂಟ್ ಕೇಬಲ್ ಇರುತ್ತದೆ. ಪಕ್ಕದಲ್ಲಿ ತುಕ್ಕು ಹಿಡಿದ ಬೀಡು ಕಬ್ಬಿಣದ ಪೈಪು. ಅದರಲ್ಲಿ ನೀರು ಹರಿಯುತ್ತಿದೆಯೋ, ಯಾವಾಗಲೋ ಬಂದ್ ಮಾಡಿದ್ದೋ ಹೇಳೋಕೆ ಆ ಏರಿಯಾಗೆ ನೀರು ಬಿಡುವ ವಾಲ್ವ್‌ಮನ್ ಬರಬೇಕು. ಎಷ್ಟೋ ಬೀದಿಗಳ ನಿಜವಾದ ಮ್ಯಾಪ್ ಇರುವುದು ಅವರ ತಲೆಯಲ್ಲಿ. ಅವರು ನಿವೃತ್ತರಾದ ದಿನ ಆ ಮ್ಯಾಪೂ ಹೋಗುತ್ತದೆ. ನೆಲದೊಳಗೆ ನೋಡುವ ಜಿಪಿಆರ್ ಯಂತ್ರಗಳಿವೆ, ಒಣ ಮಣ್ಣಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ಒದ್ದೆ ಜೇಡಿಮಣ್ಣಿನಲ್ಲಿ ಅವಕ್ಕೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಪಿಟ್ ತೆಗೆದು ಕಣ್ಣಾರೆ ನೋಡುವ ಖರ್ಚನ್ನು ಉಳಿಸಬಾರದು.

ಅಗೆಯುವ ಮುಂಚೆ ಆ ಜಾಗದಲ್ಲಿ ಯಾರ ಲೈನ್ ಇದೆ ಅಂತ ವಿಚಾರಿಸೋಕೆ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಅನ್ನೋ ಆ್ಯಪ್ ತಂದಿತು. ಒಳ್ಳೆಯ ಕೆಲಸ. ಆದರೆ ಆ್ಯಪ್‌ನೊಳಗಿನ ಮಾಹಿತಿ ಸರಿ ಇದ್ದರೆ ತಾನೇ ಪ್ರಯೋಜನ?

ಎರಡನೆಯದು, ಯಾವುದು ಮೊದಲು ಯಾವುದು ಆಮೇಲೆ ಅನ್ನೋದು. ಯುಜಿಡಿ, ಅಂದರೆ ಒಳಚರಂಡಿ, ಎಲ್ಲಕ್ಕಿಂತ ಆಳದಲ್ಲಿರುತ್ತದೆ. ಅದು ಇಳಿಜಾರಿನ ಮೇಲೆ ನಡೆಯುವ ವ್ಯವಸ್ಥೆ. ನೀರಿನ ಪೈಪನ್ನು ಸ್ವಲ್ಪ ಬಗ್ಗಿಸಬಹುದು, ಕೇಬಲ್ಲನ್ನು ಸುತ್ತಿಸಬಹುದು, ಆದರೆ ಒಳಚರಂಡಿಯ ಲೆವೆಲ್ ತಪ್ಪಿದರೆ ಕೊಳಚೆ ಹಿಂದಕ್ಕೆ ನುಗ್ಗುತ್ತದೆ. ಅದಕ್ಕೇ ಮೊದಲು ಅದರ ಲೆವೆಲ್ ನಿಗದಿಯಾಗಬೇಕು. ಆಮೇಲೆ ಮಳೆನೀರಿನ ಚರಂಡಿ, ಕುಡಿಯುವ ನೀರು, ಕರೆಂಟು, ಕೇಬಲ್, ಎಲ್ಲಕ್ಕಿಂತ ಕೊನೆಗೆ ರಸ್ತೆ.

ಬೆಂಗಳೂರಿನ ಹೊರವಲಯದಲ್ಲಿ ಏನಾಯಿತು ನೋಡಿ. 2007ರಲ್ಲಿ ಬಿಬಿಎಂಪಿ ಆದಾಗ 7 ನಗರಸಭೆ, 1 ಪುರಸಭೆ ಜೊತೆಗೆ 110 ಹಳ್ಳಿಗಳು ನಗರಕ್ಕೆ ಸೇರಿದವು. ಹೆಚ್ಚಿನ ಹಳ್ಳಿಗಳಲ್ಲಿ ಆಗ ಕಾವೇರಿ ನೀರೂ ಇರಲಿಲ್ಲ, ಒಳಚರಂಡಿಯೂ ಇರಲಿಲ್ಲ. ಜನ ಬೋರ್‌ವೆಲ್, ಟ್ಯಾಂಕರ್ ನಂಬಿಕೊಂಡು ಮನೆ ಕಟ್ಟಿದರು. ಮನೆ ಬಂದ ಮೇಲೆ ರಸ್ತೆ ಕೊಡಿ ಅಂತ ಕೇಳುವುದು ಸಹಜ, ಡಾಂಬರು ಬಂತು. ಕಾವೇರಿ 5ನೇ ಹಂತ ಉದ್ಘಾಟನೆ ಆದದ್ದು 2024ರ ಅಕ್ಟೋಬರ್‌ನಲ್ಲಿ, ದಿನಕ್ಕೆ 77.5 ಕೋಟಿ ಲೀಟರ್ ನೀರು ತರುವ ಯೋಜನೆ. ಅದಕ್ಕಾಗಿ ವರ್ಷಗಟ್ಟಲೆ ಆ ಬೀದಿಗಳನ್ನೆಲ್ಲ ಅಗೆಯಬೇಕಾಯಿತು. ನೀರಿಗೆ ಒಂದು ಸಲ, ಒಳಚರಂಡಿಗೆ ಇನ್ನೊಂದು ಸಲ. ನಡುವೆ ಮಳೆಗಾಲ ಬಂದರೆ ಆ ಕೆಸರಿನಲ್ಲಿ ಮಕ್ಕಳನ್ನು ಸ್ಕೂಲಿಗೆ ಬಿಡುವುದು ಎಷ್ಟು ಕಷ್ಟ ಅಂತ ಅಲ್ಲಿರುವವರಿಗೆ ಹೇಳಬೇಕಾಗಿಲ್ಲ. ನೀರು ಬಂದದ್ದು ದೊಡ್ಡ ವಿಷಯ, ಅದನ್ನು ನಾನು ಕಡಿಮೆ ಮಾಡುವುದಿಲ್ಲ. ಪೈಪು ಯಾವ ವರ್ಷ ಬರುತ್ತದೆ ಅಂತ ತಿಳಿದು, ಅಲ್ಲಿಯವರೆಗೆ ಜಲ್ಲಿ ಹಾಕಿ ರೋಲ್ ಮಾಡಿದ ರಸ್ತೆ ಸಾಕು ಅಂತ ಗಟ್ಟಿಯಾಗಿ ಹೇಳುವವರು ಬೇಕಿತ್ತು, ಅಷ್ಟೇ.

ಇನ್ನು ಜನರ ಕಣ್ಣಿಗೆ ಬೀಳದ ಒಂದು ವಿಷಯ. ನನ್ನ ಪ್ರಕಾರ ಇದೇ ಮುಖ್ಯ. ದೊಡ್ಡ ಪೈಪ್‌ಲೈನ್ ಒಂದು ಸಲ ಬಂದು ಹೋಗುತ್ತದೆ. ಹೊಸ ರಸ್ತೆಯನ್ನು ಮತ್ತೆ ಮತ್ತೆ ಅಡ್ಡಕ್ಕೆ ಸೀಳುವುದು ಮನೆ ಕನೆಕ್ಷನ್. ಮೇನ್ ಲೈನ್ ರಸ್ತೆಯ ಒಂದು ಬದಿಯಲ್ಲಿರುತ್ತದೆ, ಮನೆ ಇನ್ನೊಂದು ಬದಿಯಲ್ಲಿ. ಖಾಲಿ ಸೈಟಿನಲ್ಲಿ ಮನೆ ಎದ್ದಾಗಲೆಲ್ಲ ನೀರಿಗೆ, ಚರಂಡಿಗೆ, ಕರೆಂಟಿಗೆ ಅಂತ ಅಡ್ಡ ಕಟಿಂಗ್. ತುಂಬಿದ ಮಣ್ಣನ್ನು ಸರಿಯಾಗಿ ಕುಟ್ಟುವುದಿಲ್ಲ, ಮೊದಲ ಮಳೆಗೆ ಕುಸಿದು ಗುಂಡಿಯಾಗುತ್ತದೆ. ಇದಕ್ಕೆ ಮದ್ದು ಬಹಳ ಸುಲಭ. ರಸ್ತೆ ಹಾಕುವ ಮುಂಚೆ ಖಾಲಿ ಸೈಟುಗಳಿಗೂ ಸೇರಿಸಿ ಎಲ್ಲ ಸೈಟಿನ ಗಡಿವರೆಗೆ ಕನೆಕ್ಷನ್ ಎಳೆದು ಮುಚ್ಚಳ ಹಾಕಿ ಬಿಡುವುದು. ಅಲ್ಲಲ್ಲಿ ಅಡ್ಡಕ್ಕೆ ಖಾಲಿ ಕೊಳವೆ ಹೂತಿಡುವುದು, ನಾಳೆ ಯಾವ ಕೇಬಲ್ ಬಂದರೂ ಅದರೊಳಗೆ ತೂರಿಸಬಹುದು. ಜಂಕ್ಷನ್‌ಗಳಲ್ಲಿ ಸಿಗ್ನಲ್ ವೈರಿಗೂ ಹಾಗೇ. ರಸ್ತೆಯ ಒಟ್ಟು ಖರ್ಚಿನಲ್ಲಿ ಇದು ಜಾಸ್ತಿ ಏನಲ್ಲ.

ಒಟ್ಟಿಗೆ ಮಾಡಿದ ಉದಾಹರಣೆ ನೋಡಬೇಕಾ? ಸೇಂಟ್ ಮಾರ್ಕ್ಸ್ ರಸ್ತೆಯಲ್ಲೋ ವಿಠಲ್ ಮಲ್ಯ ರಸ್ತೆಯಲ್ಲೋ ಒಮ್ಮೆ ನಡೆದು ಬನ್ನಿ. ಟೆಂಡರ್‌ಶ್ಯೂರ್ ಅನ್ನೋ ಮಾದರಿಯಲ್ಲಿ ಅಲ್ಲಿ ಕೇಬಲ್, ಪೈಪುಗಳನ್ನು ಫುಟ್‌ಪಾತ್ ಅಡಿಗೆ ತಂದು, ಚೇಂಬರ್‌ಗಳನ್ನು ಕೊಟ್ಟಿದ್ದಾರೆ. ರಿಪೇರಿ ಬಂದರೆ ಮುಚ್ಚಳ ಎತ್ತಿದರೆ ಸಾಕು. ಖರ್ಚು ಜಾಸ್ತಿ, ಕೆಲಸ ಎಳೆಯಿತು ಅನ್ನೋ ದೂರು ಆಗ ಬಹಳ ಕೇಳಿಬಂತು. ವಾಹನದ ಜಾಗ ಕಿತ್ತುಕೊಂಡು ಫುಟ್‌ಪಾತ್ ಅಗಲ ಮಾಡಿದರು ಅಂತಲೂ ಬೈದರು. ಈ ಎರಡನೇ ದೂರನ್ನು ನಾನು ಒಪ್ಪುವುದಿಲ್ಲ. ಒಂದು ರಸ್ತೆ ನಾಲ್ಕು ಲೇನ್ ಇದ್ದು, ನಡುವೆ ಮೂರಾಗಿ, ಮತ್ತೆ ನಾಲ್ಕಾದರೆ, ಅದು ಸಾಗಿಸುವುದು ಮೂರು ಲೇನಿನ ವಾಹನವನ್ನೇ. ಉಳಿದ ಜಾಗದಲ್ಲಿ ಎಲ್ಲರೂ ಮುಂದೆ ನುಗ್ಗಿ, ಕಿರಿದಾಗುವ ಕಡೆ ಬಂದು ಸಿಕ್ಕಿಕೊಳ್ಳುತ್ತಾರೆ. ಉದ್ದಕ್ಕೂ ಒಂದೇ ಅಗಲದ ಲೇನ್ ಕೊಟ್ಟು, ಮಿಕ್ಕ ಜಾಗವನ್ನು ನಡೆಯುವವರಿಗೆ ಕೊಟ್ಟರೆ ವಾಹನವೂ ಸರಾಗವಾಗಿ ಹೋಗುತ್ತದೆ, ಪೈಪಿಗೂ ಕೆಳಗೆ ಜಾಗ ಸಿಗುತ್ತದೆ. ಟ್ರಾಫಿಕ್ ಪ್ಲಾನೂ ಪೈಪಿನ ಪ್ಲಾನೂ ಒಂದೇ ಹಾಳೆಯ ಮೇಲೆ ಇರಬೇಕು ಅನ್ನೋದು ಇದಕ್ಕೇ.

ಅಗೆಯುವ ದಿನಗಳೂ ಟ್ರಾಫಿಕ್ ಪ್ಲಾನಿನ ಭಾಗವೇ. ವೈಟ್‌ಟಾಪಿಂಗ್ ಮಾಡಿದ ಕಾಂಕ್ರೀಟಿಗೆ ವಾರಗಟ್ಟಲೆ ಕ್ಯೂರಿಂಗ್, ಅಂದರೆ ಒದ್ದೆಯಾಗಿಟ್ಟು ಗಟ್ಟಿಯಾಗಲು ಬಿಡುವುದು, ಬೇಕು. ಆ ಹೊತ್ತಿಗೆ ಪಕ್ಕದ ರಸ್ತೆಯನ್ನೂ ಇನ್ನೊಂದು ಇಲಾಖೆ ಅಗೆದಿದ್ದರೆ ಬಸ್ಸು, ಆಂಬುಲೆನ್ಸ್ ಎಲ್ಲಿಂದ ಹೋಗಬೇಕು?

ಇದನ್ನೆಲ್ಲ ಯಾರು ಕೂರಿಸಿ ಮಾಡಿಸಬೇಕು ಅನ್ನೋದು ಕಷ್ಟದ ಭಾಗ. ರಸ್ತೆ ಪಾಲಿಕೆಯದ್ದು, ನೀರು ಮತ್ತು ಒಳಚರಂಡಿ ಜಲಮಂಡಳಿಯದ್ದು, ಕರೆಂಟು ಬೆಸ್ಕಾಂನದ್ದು, ಬಸ್ಸು ಬಿಎಂಟಿಸಿಯದ್ದು. ಪ್ರತಿಯೊಂದಕ್ಕೂ ಬೇರೆ ಬಜೆಟ್. ಮಾರ್ಚ್ ಒಳಗೆ ಅನುದಾನ ಮುಗಿಸುವ ಅವಸರದಲ್ಲಿ ಪೈಪು ಬರುವವರೆಗೆ ಡಾಂಬರು ಕಾಯುವುದಿಲ್ಲ. ಸಾರಿಗೆಯ ಸಮನ್ವಯಕ್ಕೆ 2022ರ ಬಿಎಂಎಲ್‌ಟಿಎ (ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರ) ಕಾಯ್ದೆ ಇದೆ, ಆದರೆ ಪೈಪು ಅದರ ವಿಷಯವಲ್ಲ. 2025ರ ಸೆಪ್ಟೆಂಬರ್‌ನಿಂದ ಒಂದೇ ಬಿಬಿಎಂಪಿ ಬದಲು ಪಾಲಿಕೆಗಳು ಐದಾಗಿವೆ. ಪೈಪು ಪಾಲಿಕೆಯ ಗಡಿ ನೋಡಿ ಹರಿಯುವುದಿಲ್ಲ, ಹಾಗಾಗಿ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಈ ಹೊಣೆಯನ್ನು ನಿಜವಾಗಿ ಹೊರಬೇಕು. ಯಾವ ಬೀದಿಯಲ್ಲಿ ಯಾವ ವರ್ಷ ಯಾರ ಕೆಲಸ ಅನ್ನೋ ಮೂರು ವರ್ಷದ ಪಟ್ಟಿಯನ್ನು ಎಲ್ಲರೂ ನೋಡುವ ಹಾಗೆ ಪ್ರಕಟಿಸಿದರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನಿಮ್ಮ ಬೀದಿಯ ವಿಷಯಕ್ಕೆ ಬರುತ್ತೇನೆ. ವೈಟ್‌ಟಾಪಿಂಗ್ ಶುರುವಾಗುವ ಮುಂಚೆ ನಾಲ್ಕು ಜನ ಸೇರಿ ವಾರ್ಡ್ ಎಂಜಿನಿಯರ್ ಹತ್ತಿರ ಹೋಗಿ. ಖಾಲಿ ಸೈಟುಗಳಿಗೆ ನೀರು, ಯುಜಿಡಿ ಕನೆಕ್ಷನ್ ಎಳೆದಿದ್ದಾರಾ ಅಂತ ಕೇಳಿ. ಹಳೆಯ ಪೈಪು ಬದಲಿಸುವ ಯೋಚನೆ ಇದೆಯಾ ಅಂತ ಜಲಮಂಡಳಿಯಿಂದ ಬರಹದಲ್ಲಿ ಪಡೆಯಿರಿ. ಅಡ್ಡ ಕೊಳವೆಗಳು ಡ್ರಾಯಿಂಗ್‌ನಲ್ಲಿ ಇವೆಯಾ ನೋಡಿ. ಹೊಸ ರಸ್ತೆ ಎಷ್ಟು ಎತ್ತರ ಆಗುತ್ತದೆ ಅಂತ ತಪ್ಪದೆ ಕೇಳಿ. ಹಳೆಯ ಪದರ ಕೆರೆದು ತೆಗೆಯದೆ ಮೇಲೆ ಹಾಕಿದರೆ ಮನೆಗಳು ರಸ್ತೆಗಿಂತ ತಗ್ಗಾಗಿ, ಮಳೆನೀರು ಗೇಟಿನೊಳಗೆ ಬರುತ್ತದೆ. ಇನ್ನು ಹಳ್ಳ ತೆಗೆದು ಮುಚ್ಚುವ ಮುಂಚೆ, ಪೈಪು ಕಾಣುವಾಗಲೇ, ಪಕ್ಕದ ಮನೆಯ ಕಾಂಪೌಂಡಿನಿಂದ ಎಷ್ಟು ಅಡಿ, ಎಷ್ಟು ಆಳ ಅಂತ ಟೇಪ್ ಹಿಡಿದು ಫೋಟೋ ತೆಗೆದಿಡಿ. ಮುಂದೆ ಲೀಕ್ ಆದಾಗ ಇಡೀ ಬೀದಿ ಅಗೆಯದೆ ಒಂದೇ ಕಡೆ ಅಗೆಯಲು ರಿಪೇರಿಯವರಿಗೆ ಆ ಫೋಟೋಗಳೇ ಸಾಕು.