ಸೋತ ದೇಶಗಳ ಮೇಲೆ ಹೇರಿದ ಒಪ್ಪಂದಗಳಲ್ಲಿ ವರ್ಸೇಲ್ಸ್ ಒಪ್ಪಂದವೇ ಅತ್ಯಂತ ಕಠೋರವೇ?

ಅಲ್ಲ. ಮೊದಲ ಮಹಾಯುದ್ಧದ ನಂತರ ವರ್ಸೇಲ್ಸ್ ಒಪ್ಪಂದದಡಿ ಜರ್ಮನಿ ಯುರೋಪಿನಲ್ಲಿ ಕಳೆದುಕೊಂಡದ್ದು ತನ್ನ ನೆಲದ ಸುಮಾರು ಶೇ. 13. ಹಂಗೇರಿ ಕಳೆದುಕೊಂಡದ್ದು ಮೂರರಲ್ಲಿ ಎರಡು ಪಾಲು! 1920ರ ಜೂನ್ 4ರಂದು ವರ್ಸೇಲ್ಸ್‌ನ ತ್ರಿಯಾನಾನ್ ಅರಮನೆಯಲ್ಲಿ ಹಂಗೇರಿಯ ಮೇಲೆ ಹೇರಿದ ಒಪ್ಪಂದಕ್ಕೆ ಸಹಿ ಬಿತ್ತು. ಸೈನ್ಯಕ್ಕೂ 35,000 ಜನರ ಮಿತಿ.

ಅದನ್ನು ಸಂಧಾನ ಎನ್ನಲು ನನಗೆ ಮನಸ್ಸಾಗುವುದಿಲ್ಲ. ಹಂಗೇರಿಯ ನಿಯೋಗದ ಮುಖ್ಯಸ್ಥ ಆಲ್ಬರ್ಟ್ ಅಪೋನಿ 1920ರ ಜನವರಿಯಲ್ಲಿ ಪ್ಯಾರಿಸ್‌ನಲ್ಲಿ ವಾದ ಮಂಡಿಸುವ ಹೊತ್ತಿಗೆ ಷರತ್ತುಗಳು ಆಗಲೇ ಬರೆದಾಗಿದ್ದವು. ಯಾವ ಭಾಷೆಯವರು ಎಲ್ಲಿದ್ದಾರೆಂಬ ನಕ್ಷೆಯನ್ನು ಅವರು ಮೇಜಿನ ಮೇಲೆ ಬಿಡಿಸಿಟ್ಟರು. ಗಡಿ ಬಹುಮಟ್ಟಿಗೆ ಕದಲಲಿಲ್ಲ.

ಸ್ಲೊವಾಕರು, ರುಮೇನಿಯನ್ನರು, ಕ್ರೊವೇಷಿಯನ್ನರು ಬೇರೆಯಾದದ್ದು ಅನ್ಯಾಯವಲ್ಲ, ಆ ಪ್ರದೇಶಗಳಲ್ಲಿ ಅವರೇ ಬಹುಸಂಖ್ಯಾತರು. ನೋವಿರುವುದು ಗೆರೆ ಎಳೆದ ರೀತಿಯಲ್ಲಿ. ಸುಮಾರು 30 ಲಕ್ಷ ಹಂಗೇರಿಯನ್ ಭಾಷಿಕರು ಹೊರಗುಳಿದರು, ಅವರಲ್ಲಿ ಅನೇಕರ ಊರು ಹೊಸ ಗಡಿಯ ಮಗ್ಗುಲಲ್ಲೇ ಇತ್ತು. ಕೊಮಾರೊಮ್ ಪಟ್ಟಣವನ್ನೇ ನೋಡಿ: ಡ್ಯಾನ್ಯೂಬ್‌ನ ಉತ್ತರ ದಂಡೆಯ ಹಳೆಯ ಪೇಟೆ ಚೆಕೊಸ್ಲೊವಾಕಿಯದ ಪಾಲಾಯಿತು, ದಕ್ಷಿಣ ದಂಡೆ ಹಂಗೇರಿಯಲ್ಲೇ ಉಳಿಯಿತು. ಒಂದೇ ಊರಿನವರು ಸೇತುವೆ ದಾಟಿದರೆ ಪರದೇಶ.

ಜನರನ್ನು ಕೇಳಬಹುದಿತ್ತು. ಆಸ್ಟ್ರಿಯಕ್ಕೆ ಬರೆದುಕೊಟ್ಟಿದ್ದ ಶೊಪ್ರೋನ್‌ನಲ್ಲಿ 1921ರ ಡಿಸೆಂಬರ್‌ನಲ್ಲಿ ಜನಮತ ನಡೆದಾಗ, ಆ ಊರು ಹಂಗೇರಿಯನ್ನೇ ಆರಿಸಿಕೊಂಡಿತು.