ಹವಳಕ್ಕೂ ಬೇಕು ಒಂದು ಸಸಿಮಡಿ

ಪ್ರಶ್ನೆ: ನಮ್ಮ ಮನೆಯಲ್ಲಿ 75 ಗ್ಯಾಲನ್‌ನ ರೀಫ್ ಅಕ್ವೇರಿಯಂ, ಅಂದರೆ ಹವಳ ಬೆಳೆಸುವ ಉಪ್ಪುನೀರಿನ ಟ್ಯಾಂಕ್ ಇದೆ, ಇಟ್ಟು ಮೂರು ವರ್ಷವಾಯಿತು. ಹ್ಯಾಮರ್, ಮಾಂಟಿಪೋರಾ, ಜೋಯಾಂಥಿಡ್ ಎಂಬ ಹವಳಗಳು ಚೆನ್ನಾಗಿ ಹಬ್ಬಿ, ಈಗ ಜಾಗ ಸಾಲದೆ ಒಂದನ್ನೊಂದು ಕುಟುಕಿ ಸುಡುತ್ತಿವೆ. ತುಂಡು ಮಾಡಿ ಬೆಳೆಸಲು ಬೇರೆ ಟ್ಯಾಂಕ್ ಇಡಬೇಕೆಂದಿದ್ದೇನೆ. ಗ್ಯಾರೇಜಿನಲ್ಲಿ 20 ಗ್ಯಾಲನ್‌ನ ಖಾಲಿ ಟ್ಯಾಂಕ್ ಇದೆ. ಎಲ್ಲಿಂದ ಶುರು ಮಾಡಲಿ?
— ಓದುಗರು, ಆಸ್ಟಿನ್, ಟೆಕ್ಸಾಸ್

ಉತ್ತರ: ಮೊದಲು ಆ ಟ್ಯಾಂಕನ್ನು ಗ್ಯಾರೇಜಿನಿಂದ ಮನೆಯೊಳಗೆ ತನ್ನಿ. ಟೆಕ್ಸಾಸಿನ ಬೇಸಿಗೆಯಲ್ಲಿ ಗ್ಯಾರೇಜಿನ ಶಾಖವನ್ನು ಹವಳ ತಾಳುವುದಿಲ್ಲ. ನೀರು 25ರಿಂದ 26 ಡಿಗ್ರಿ ಸೆಲ್ಸಿಯಸ್‌ನಲ್ಲಿ ಹಗಲೂ ರಾತ್ರಿ ನಿಲ್ಲಬೇಕು. ಒಳಗೆ ಜಾಗವಿಲ್ಲವೆಂದರೆ ಈ ಯೋಜನೆಯನ್ನೇ ಮುಂದಕ್ಕೆ ಹಾಕಿ.

ನಿಮ್ಮ 20 ಗ್ಯಾಲನ್‌ನದು ಉದ್ದ ಮಾದರಿಯಾಗಿದ್ದರೆ, ಅಂದರೆ ಸುಮಾರು 30 ಇಂಚು ಉದ್ದ, ಒಂದಡಿ ಅಗಲ, ಒಂದಡಿ ಎತ್ತರವಿದ್ದರೆ, ಅದಕ್ಕಿಂತ ಒಳ್ಳೆಯದನ್ನು ಹುಡುಕಬೇಕಾಗಿಲ್ಲ. ತುಂಡುಗಳಿಗೆ ಬೇಕಿರುವುದು ಆಳವಲ್ಲ, ಹರವು. ಆಳ ಕಡಿಮೆಯಿದ್ದರೆ ಬೆಳಕು ಎಲ್ಲ ಕಡೆ ಒಂದೇ ಸಮನೆ ಬೀಳುತ್ತದೆ, ಕೈಯೂ ಸುಲಭವಾಗಿ ತಳ ಮುಟ್ಟುತ್ತದೆ. ತಳಕ್ಕೆ ಮರಳು ಹಾಕಬೇಡಿ. ಉಳಿದ ಮೇವು ಕಣ್ಣಿಗೆ ಕಂಡರೆ ತಾನೇ ತೆಗೆಯಲು ಸಾಧ್ಯ.

ಇನ್ನು ಎಲ್ಲಕ್ಕಿಂತ ಮುಖ್ಯವಾದ ತೀರ್ಮಾನ: ಈ ಟ್ಯಾಂಕಿಗೆ ಅದರದೇ ನೀರೋ, ದೊಡ್ಡ ಟ್ಯಾಂಕಿನ ನೀರೋ? ದೊಡ್ಡದರ ಸಂಪ್‌ಗೆ, ಅಂದರೆ ಅದರ ಕೆಳಗೆ ನೀರು ಇಳಿದು ಸೋಸಿ ಮೇಲೆ ಹೋಗುವ ತೊಟ್ಟಿಗೆ, ಜೋಡಿಸಿ ಎನ್ನುವುದು ನನ್ನ ಖಚಿತ ಸಲಹೆ. 20 ಗ್ಯಾಲನ್ ಎಂದರೆ ಬರೀ 75 ಲೀಟರ್. ಅಷ್ಟು ನೀರಿನಲ್ಲಿ ಎರಡು ದಿನ ಆವಿಯಾದರೆ ಉಪ್ಪು ಏರುತ್ತದೆ. ಹವಳಗಳು ಬೆಳೆಯಲು ಶುರು ಮಾಡಿದರೆ ಆಲ್ಕಲಿನಿಟಿ, ಅಂದರೆ ಅವು ಅಸ್ಥಿ ಕಟ್ಟಲು ಬಳಸುವ ನೀರಿನ ಕ್ಷಾರಾಂಶ, ಸರ್ರನೆ ಇಳಿಯುತ್ತದೆ. ಹವಳ ಸ್ವಲ್ಪ ಹೆಚ್ಚು ಕಡಿಮೆಯನ್ನು ಸಹಿಸುತ್ತದೆ, ಏರಿಳಿತವನ್ನು ಸಹಿಸುವುದಿಲ್ಲ. ನಿಮ್ಮ ದೊಡ್ಡ ಟ್ಯಾಂಕಿನ ನೀರು ಮೂರು ವರ್ಷದಿಂದ ಹದಕ್ಕೆ ಬಂದು ಸ್ಥಿರವಾಗಿದೆ. ಅದರಲ್ಲೇ ಹುಟ್ಟಿ ಬೆಳೆದ ಹವಳದ ತುಂಡಿಗೆ ಅದೇ ನೀರು ಸಿಕ್ಕರೆ ತಾಯಿಯ ಮಡಿಲು ಬಿಟ್ಟಂತೆಯೇ ಆಗುವುದಿಲ್ಲ.

ಜೋಡಣೆ ಕಷ್ಟವಲ್ಲ. ಸಂಪ್‌ನಿಂದ ಮೇಲೆ ಹೋಗುವ ಪಂಪಿನ ಕೊಳವೆಗೆ T ಆಕಾರದ ಒಂದು ಜೋಡಣೆ ಹಾಕಿ, ವಾಲ್ವ್ ಇಟ್ಟು, ಒಂದು ಕವಲನ್ನು ಹೊಸ ಟ್ಯಾಂಕಿಗೆ ತಿರುಗಿಸಿ. ಹೊಸ ಟ್ಯಾಂಕು ಸಂಪ್‌ನ ನೀರಿನ ಮಟ್ಟಕ್ಕಿಂತ ಎತ್ತರದಲ್ಲಿರಲಿ. ತುಂಬಿದ ನೀರು ತಾನಾಗಿ ಹರಿದು ಸಂಪ್‌ಗೆ ಮರಳುತ್ತದೆ. ಗಾಜಿಗೆ ತೂತು ಕೊರೆಯುವ ಮುನ್ನ ಅದು ಟೆಂಪರ್ಡ್ (ಕಾಯಿಸಿ ಗಟ್ಟಿಮಾಡಿದ) ಗಾಜಲ್ಲ ಎಂದು ಖಾತರಿ ಮಾಡಿಕೊಳ್ಳಿ. ಆಗಿದ್ದರೆ ಇಡೀ ಫಲಕ ಪುಡಿಯಾಗುತ್ತದೆ. ಎಲ್ಲ ಮುಗಿದ ಮೇಲೆ ಪಕ್ಕದಲ್ಲಿ ನಿಂತು ಪಂಪ್ ಆರಿಸಿ ನೋಡಿ. ಎರಡೂ ಟ್ಯಾಂಕುಗಳಿಂದ ಇಳಿಯುವ ನೀರನ್ನು ಸಂಪ್ ಹಿಡಿದುಕೊಳ್ಳಬೇಕು. ಈ ಪರೀಕ್ಷೆಯನ್ನು ನೀವು ಮಾಡದಿದ್ದರೆ, ಯಾವುದೋ ರಾತ್ರಿ ಕರೆಂಟ್ ಹೋದಾಗ ಅದು ತಾನಾಗಿ ಆಗುತ್ತದೆ.

ತುಂಡುಗಳನ್ನು ಕೂರಿಸಲು ದುಬಾರಿ ಸ್ಟ್ಯಾಂಡ್ ಬೇಡ. ಕಚೇರಿಗಳಲ್ಲಿ ಸೀಲಿಂಗ್ ದೀಪದ ಕೆಳಗೆ ಚೌಕ ಚೌಕದ ಬಿಳಿ ಜಾಲರಿ ಇರುತ್ತದಲ್ಲ, ಅದರ ಪ್ಲಾಸ್ಟಿಕ್ ಹಾಳೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುತ್ತದೆ. ಲೋಹದ್ದು ಮಾತ್ರ ಬೇಡ. ಹವಳ ಅಂಟಿಸುವ ಪ್ಲಗ್ ಎಂಬ ಅಣಬೆಯಾಕಾರದ ಪುಟ್ಟ ಬಿಲ್ಲೆಗಳ ಕಾಲು ಆ ಚೌಕಗಳಲ್ಲಿ ಸರಿಯಾಗಿ ಕೂರುತ್ತದೆ. ಎರಡು ಜಾಲರಿ ಮಾಡಿಕೊಳ್ಳಿ. ಒಂದಕ್ಕೆ ಪಾಚಿ ಹಿಡಿದಾಗ ಇನ್ನೊಂದಕ್ಕೆ ತುಂಡುಗಳನ್ನು ಬದಲಾಯಿಸಿ, ಮೊದಲನೆಯದನ್ನು ವಿನೆಗರಿನಲ್ಲಿ ನೆನೆಹಾಕಿ. ನಾಲ್ಕಾರು ಟ್ರೋಕಸ್ ಬಸವನಹುಳುಗಳನ್ನು ಬಿಟ್ಟರೆ ಉಳಿದ ಪಾಚಿಯನ್ನು ಅವು ನೋಡಿಕೊಳ್ಳುತ್ತವೆ.

ಬೆಳಕನ್ನು ಕಡಿಮೆಯಿಂದ ಶುರು ಮಾಡಿ. ಒಂದಡಿ ನೀರಿನಲ್ಲಿ ದೀಪ ನೀವು ಎಣಿಸಿದ್ದಕ್ಕಿಂತ ತೀಕ್ಷ್ಣವಾಗಿ ಇಳಿಯುತ್ತದೆ. ಹವಳಕ್ಕೆ ದಕ್ಕುವ ಬೆಳಕನ್ನು ಅಳೆಯುವ ಪಾರ್ ಮೀಟರನ್ನು ಎರಡು ದಿನದ ಮಟ್ಟಿಗೆ ಯಾರಿಂದಲಾದರೂ ಎರವಲು ತನ್ನಿ. ಅದರ ಅಳತೆಯಲ್ಲಿ ಹ್ಯಾಮರ್ ಮತ್ತು ಜೋಯಾಂಥಿಡ್‌ಗೆ 100ರ ಆಸುಪಾಸು, ಮಾಂಟಿಪೋರಾಕ್ಕೆ 200ರ ಹತ್ತಿರ ಸಾಕು, ಅದೂ ಗಾಯ ಮಾಯ್ದ ಮೇಲೆ.

ಈಗ ಕತ್ತರಿಸುವ ವಿಷಯ. ಮಾಂಟಿಪೋರಾವನ್ನು ಮೂಳೆ ಕತ್ತರಿಯಿಂದ ಮುರಿದು ಜೆಲ್ ರೂಪದ ಸೂಪರ್ ಗ್ಲೂ ಹಾಕಿ ಪ್ಲಗ್ ಮೇಲೆ ಒತ್ತಿದರೆ ಆಯಿತು. ಆ ಅಂಟು ನೀರಿನಲ್ಲೂ ಗಟ್ಟಿಯಾಗುತ್ತದೆ. ಆಮೇಲೆ ದಿನಾ ಅಂಚನ್ನು ನೋಡಿ. ಒಂದೆರಡು ವಾರ ಏನೂ ಆಗದಂತೆ ಇರುತ್ತದೆ. ಮತ್ತೊಂದು ಬೆಳಿಗ್ಗೆ ಅಂಟಿನ ಮೇಲೆ ಉಗುರಿನ ತುದಿಯಷ್ಟು ತೆಳುವಾದ ಬಿಳಿ ಅಂಚು ಹರಿದು ಬಂದಿರುತ್ತದೆ. ಅದು ಹೊಸ ಬೆಳವಣಿಗೆ. ಬಣ್ಣ ಹಿಂದಿನಿಂದ ತುಂಬುತ್ತದೆ. ಎಷ್ಟು ವರ್ಷವಾದರೂ ಆ ಅಂಚು ಕಂಡ ದಿನ ನಾನು ಮನೆಯವರನ್ನು ಕರೆದು ತೋರಿಸುತ್ತೇನೆ. ಹ್ಯಾಮರ್ ನಿಮ್ಮಲ್ಲಿರುವುದು ಕವಲೊಡೆಯುವ ಜಾತಿಯಾದರೆ, ಮಾಂಸ ಮುಗಿದು ಬರೀ ಅಸ್ಥಿ ಇರುವಲ್ಲಿ, ಒಂದಿಂಚು ಕೆಳಗೆ ಗರಗಸ ಇಡಿ. ಗೋಡೆಯಂತೆ ಒಂದೇ ಸಾಲಾಗಿ ಬೆಳೆಯುವ ಜಾತಿಯಾದರೆ ಮುಟ್ಟಬೇಡಿ. ಜೀವಂತ ಮಾಂಸವನ್ನೇ ಸೀಳಬೇಕಾಗುತ್ತದೆ, ಬಹಳಷ್ಟು ಸಲ ಅದು ಕೊಳೆಯುತ್ತದೆ.

ಜೋಯಾಂಥಿಡ್ ಬಗ್ಗೆ ನಿಂತು ಓದಿ. ಇವುಗಳಲ್ಲಿ, ಮುಖ್ಯವಾಗಿ ಪಾಲಿಥೋವಾ ಎಂಬ ಬಗೆಯಲ್ಲಿ, ಪಾಲಿಟಾಕ್ಸಿನ್ ಎಂಬ ವಿಷವಿರುತ್ತದೆ. 1971ರಲ್ಲಿ ಹವಾಯಿಯ ಜೀವಿಯಿಂದ ಬೇರ್ಪಡಿಸಿದ ಈ ವಸ್ತು ನಿಸರ್ಗದ ಅತಿ ಘೋರ ವಿಷಗಳಲ್ಲಿ ಒಂದು. ಕೈಗವಸು, ಕಣ್ಣಿಗೆ ಮುಚ್ಚಿದ ಕನ್ನಡಕ ಎರಡೂ ಇಲ್ಲದೆ ಚಾಕು ಹಿಡಿಯಬೇಡಿ; ಕತ್ತರಿಸುವಾಗ ರಸ ಚಿಮ್ಮುತ್ತದೆ. ಮಕ್ಕಳು, ಸಾಕುಪ್ರಾಣಿಗಳು ಆ ಕೋಣೆಯಲ್ಲಿ ಇರಬಾರದು. ಅವು ಅಂಟಿರುವ ಕಲ್ಲನ್ನು ಎಂದೂ ಕುದಿಸಬೇಡಿ, ಅದರ ಮೇಲೆ ಬಿಸಿ ನೀರು ಹಾಕಬೇಡಿ, ಒಣಗಿದ್ದನ್ನು ಉಜ್ಜಬೇಡಿ. ಆವಿಯಿಂದಲೇ ಇಡೀ ಕುಟುಂಬಗಳು ಆಸ್ಪತ್ರೆ ಸೇರಿವೆ.

ಕೊನೆಯದಾಗಿ, ಹೊರಗಿನಿಂದ ಕೊಂಡ ಹವಳವನ್ನು ನೇರವಾಗಿ ಈ ಟ್ಯಾಂಕಿಗೆ ಇಳಿಸಬೇಡಿ. ಇಲ್ಲಿ ನ್ಯೂಜೆರ್ಸಿಯಲ್ಲಿ ನಾನೊಮ್ಮೆ ಅಂಗಡಿಯಿಂದ ತಂದ ಕೆಂಪು ಮಾಂಟಿಪೋರಾದ ತುಂಡನ್ನು ಔಷಧದ ನೀರಿನಲ್ಲಿ ಅದ್ದಿ, ಸಾಕೆಂದು ಜಾಲರಿಯ ಮೇಲೆ ಇಟ್ಟಿದ್ದೆ. ತಿಂಗಳೊಳಗೆ ಅಂಚುಗಳು ಬೆಳ್ಳಗಾದವು. ತಿರುವಿ ನೋಡಿದರೆ ಅಡಿಯಲ್ಲಿ ಅಕ್ಕಿನುಚ್ಚಿನಷ್ಟು ಬಿಳಿಯ ಹುಳುಗಳು, ಪಕ್ಕದಲ್ಲೇ ಮೊಟ್ಟೆ. ಮಾಂಟಿಪೋರಾವನ್ನೇ ತಿಂದು ಬದುಕುವ ನ್ಯುಡಿಬ್ರಾಂಕ್, ಅಂದರೆ ಚಿಪ್ಪಿಲ್ಲದ ಕಡಲ ಬಸವನಹುಳು ಅವು. ಔಷಧ ಹುಳುವನ್ನು ಕೊಲ್ಲುತ್ತದೆ, ಮೊಟ್ಟೆಯನ್ನಲ್ಲ. ಕೊಳವೆ ಜೋಡಿಸಿದ್ದರಿಂದ ಅವು ದೊಡ್ಡ ಟ್ಯಾಂಕಿಗೂ ದಾಟಿದವು, ಆರು ವರ್ಷ ಬೆಳೆಸಿದ ಹವಳ ಹೋಯಿತು. ಹೊಸಬರಿಗೆಂದೇ ಹತ್ತು ಗ್ಯಾಲನ್‌ನ ಪ್ರತ್ಯೇಕ ಪೆಟ್ಟಿಗೆ ಇಡಿ, ಹಳೆಯ ಪ್ಲಗ್ ಕಿತ್ತು ಬಿಸಾಡಿ, ವಾರಕ್ಕೊಮ್ಮೆ ಅದ್ದಿ, ಎರಡು ತಿಂಗಳು ಅಡಿಭಾಗವನ್ನು ನೋಡುತ್ತಿರಿ.

ಪ್ರಶ್ನೆ: ನೇತ್ರಾಣಿಯಲ್ಲಿ ಡೈವಿಂಗ್ ಮಾಡುವಾಗ ಹವಳ ನೋಡಿದೆ. ಮುರಿದು ಬಿದ್ದ ಸಣ್ಣ ತುಂಡೊಂದನ್ನು ತಂದು ಮನೆಯಲ್ಲಿ ಬೆಳೆಸಬಹುದೇ?
— ಓದುಗರು, ಕುಮಟಾ

ಉತ್ತರ: ಖಂಡಿತ ಕೂಡದು. ಬಂಡೆ ಕಟ್ಟುವ ಎಲ್ಲ ಗಟ್ಟಿ ಹವಳಗಳೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಯ ಸಾಲಿನಲ್ಲಿ. ಸಮುದ್ರ ಬೀಸಣಿಗೆ, ಕಪ್ಪು ಹವಳಗಳೂ ಅಲ್ಲೇ ಇವೆ. ಸತ್ತ ತುಂಡನ್ನು ತಂದರೂ ಅಪರಾಧವೇ. ಹಿಂದಿನ ಪ್ರಶ್ನೆಗೆ ಕೊಟ್ಟ ಉತ್ತರವು ಅಮೆರಿಕದಲ್ಲಿರುವವರಿಗೆ, ಅಲ್ಲಿ ಮನೆಗಳಲ್ಲೇ ಬೆಳೆದ ಹವಳ ಕಾನೂನುಬದ್ಧವಾಗಿ ಕೈಬದಲಾಗುತ್ತದೆ. ನಿಮಗೆ ಉಪ್ಪುನೀರಿನ ಅಕ್ವೇರಿಯಂ ಆಸೆಯಿದ್ದರೆ ಸಾಕಣೆಯಲ್ಲೇ ಹುಟ್ಟಿದ ಕ್ಲೌನ್ ಮೀನಿನ ಜೋಡಿಯಿಂದ ಶುರು ಮಾಡಿ. ಅಂಗಡಿಯವರು ಯಾವುದೇ ಹವಳ ತೋರಿಸಿ ಇದಕ್ಕೆ ಅಡ್ಡಿಯಿಲ್ಲ ಎಂದರೆ, ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.