ಕಾಡು ಉಳಿಸಿದ ಪಂಚಾಯಿತಿಗೆ ಸಿಗುವುದೇನು?

ಪ್ರಶ್ನೆ: ನಾನು ಹೊಸನಗರ ತಾಲ್ಲೂಕಿನ ಗ್ರಾಮ ಪಂಚಾಯಿತಿ ಸದಸ್ಯ. ಪಶ್ಚಿಮ ಘಟ್ಟ ಉಳಿಸಲು ಅಂತ ಬಂದ ಕಸ್ತೂರಿರಂಗನ್ ವರದಿ ಜಾರಿಯಾದರೆ ತೋಟ ಬಿಟ್ಟು ಹೋಗಬೇಕು ಅಂತ ನಮ್ಮೂರಲ್ಲಿ ಹೆದರಿಕೆ. ಜಾರಿಯಾಗದಿದ್ದರೆ ಗುಡ್ಡ, ಹೊಳೆ ಏನೂ ಉಳಿಯಲ್ಲ ಅನ್ನುವವರೂ ಇದ್ದಾರೆ. ಬೇರೆ ದಾರಿ ಇಲ್ವಾ ಸರ್? ಪಂಚಾಯಿತಿಯಿಂದ ಏನಾದರೂ ಆಗುತ್ತದಾ?

ಉತ್ತರ: ಮೊದಲು ಹೆದರಿಕೆಯ ವಿಷಯ. ಆ ವರದಿ ಆಧರಿಸಿದ ಕೇಂದ್ರದ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. 2024ರ ಜುಲೈನಲ್ಲಿ ಬಂದದ್ದು ಆರನೆಯದು. ಅದು ಬೇಡ ಅನ್ನುವುದು ಗಣಿ, ಕಲ್ಲು ಕ್ವಾರಿ, ಮರಳು ತೆಗೆಯುವುದು, ಹೊಸ ಉಷ್ಣ ವಿದ್ಯುತ್ ಸ್ಥಾವರ, ತುಂಬಾ ಮಾಲಿನ್ಯ ಮಾಡುವ ಕೈಗಾರಿಕೆ, 20,000 ಚದರ ಮೀಟರ್‌ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ, ಇಂಥವನ್ನು. ಅಡಿಕೆ ತೋಟ, ಗದ್ದೆ ಬಿಡಿ ಅಂತ ಅದರಲ್ಲಿ ಎಲ್ಲೂ ಇಲ್ಲ. ಹಾಗಂತ ಜನರ ಅನುಮಾನ ಸುಮ್ನೆ ಹುಟ್ಟಿದ್ದೂ ಅಲ್ಲ. ಲಿಂಗನಮಕ್ಕಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟ ಕುಟುಂಬಗಳು ಭೂಮಿಯ ಹಕ್ಕಿಗಾಗಿ ತಲೆಮಾರುಗಟ್ಟಲೆ ಅಲೆದಿವೆ. ಅಂಥ ಕಡೆ ಇನ್ನೊಂದು ಸರ್ಕಾರಿ ನಕ್ಷೆ ಬಂದರೆ ಯಾರಿಗೆ ಗಾಬರಿ ಆಗಲ್ಲ?

ನನ್ನ ತಕರಾರು ಬೇರೆ. ಏನು ಮಾಡಬಾರದು ಅಂತ ಪಟ್ಟಿ ಇದೆ, ಮಾಡದೆ ಉಳಿಸಿದವರಿಗೆ ಏನು ಸಿಗುತ್ತದೆ ಅನ್ನುವ ಮಾತೇ ಕಡಿಮೆ. 15ನೇ ಹಣಕಾಸು ಆಯೋಗ 2021–26ರ ಅವಧಿಗೆ ರಾಜ್ಯಗಳಿಗೆ ತೆರಿಗೆ ಪಾಲು ಹಂಚುವಾಗ ಅರಣ್ಯ ಮತ್ತು ಪರಿಸರಕ್ಕೆ ಶೇ 10ರಷ್ಟು ತೂಕ ಕೊಟ್ಟಿತು. ಅಂದರೆ ನಿಮ್ಮೂರ ಕಾಡೂ ಲೆಕ್ಕಕ್ಕೆ ಸೇರಿಯೇ ಬೆಂಗಳೂರಿಗೆ ಹಣ ಬಂತು. ಪಂಚಾಯಿತಿಗಳಿಗೆ ಅನುದಾನ ಹಂಚುವಾಗ ರಾಜ್ಯವೂ ಕಾಡಿನ ಲೆಕ್ಕ ಹಿಡಿಯಲಿ. ಮಲೆನಾಡಿನ ಶಾಸಕರು ಒಟ್ಟಾಗಿ ಕೇಳಬೇಕಾದ್ದು ಇದನ್ನು.

ಇನ್ನು ನಿಮ್ಮ ಕೈಯಲ್ಲೇ ಇರುವುದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ನಿಮ್ಮ ವ್ಯಾಪ್ತಿಯ ಕಾಡುತ್ಪನ್ನವನ್ನು ವ್ಯಾಪಾರಕ್ಕೆ ಸಂಗ್ರಹಿಸುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರ ಅದಕ್ಕಿದೆ. ಸಾಕಷ್ಟು ಕಡೆ ಸಮಿತಿ ಇರುವುದು ಕಾಗದದ ಮೇಲೆ ಮಾತ್ರ, ಅದು ಬೇರೆ ಮಾತು.

ಉಪ್ಪಾಗೆಯನ್ನೇ ನೋಡಿ, ಸಿಪ್ಪೆ ಒಣಗಿಸಿ ಮಾರುವ ಹುಳಿ ಕಾಡುಹಣ್ಣು. ಹಣ್ಣಾಗುವುದು ಜಡಿಮಳೆಯಲ್ಲಿ. ಬಿಸಿಲಿನ ಮುಖವೇ ಇಲ್ಲ, ಸಿಪ್ಪೆಯನ್ನು ಬೆಂಕಿ ಮೇಲೆ ಅಟ್ಟ ಕಟ್ಟಿಯೇ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಸೌದೆ. ಅದರ ಮೇಲೆ, ಬೇರೆಯವರು ಕೊಯ್ದುಬಿಟ್ಟಾರು ಅಂತ ಕಾಯಿ ಇರುವಾಗಲೇ ಕೊಯ್ಯುವುದು, ಕೆಲವೊಮ್ಮೆ ಕೊಂಬೆ ಸಮೇತ. ಬಲಿತ ಬೀಜ ಬೀಳದಿದ್ದರೆ ಸಸಿ ಏಳುವುದೆಲ್ಲಿಂದ? ಸಮಿತಿಯವರು ಅರಣ್ಯ ಇಲಾಖೆ ಜೊತೆ ಕೂತು ಕೊಯ್ಲಿನ ದಿನ ಗೊತ್ತು ಮಾಡಿ. ಕಡಿಮೆ ಸೌದೆಯಲ್ಲಿ ಒಣಗಿಸುವ ಒಲೆ ಊರಿಗೊಂದು ಹಾಕಿಸಿ. ಸ್ವಸಹಾಯ ಸಂಘದಿಂದ ಒಟ್ಟಿಗೆ ಮಾರಿದರೆ ದರ ಕೇಳುವ ಧೈರ್ಯವೂ ಬರುತ್ತದೆ. ಮರ ನಿಂತಿದ್ದರೆ ಲಾಭ ಅಂತ ಗೊತ್ತಾದ ಮನೆಯವರು ಅದನ್ನು ಕಡಿಯಲು ಬಿಡುವುದಿಲ್ಲ.

ಅಕೇಶಿಯಾ ಬಗ್ಗೆಯೂ ಒಂದು ಮಾತು. ಭದ್ರಾವತಿಯ ಕಾಗದ ಕಾರ್ಖಾನೆ ಮುಚ್ಚಿತು, ಅದಕ್ಕಾಗಿ ಬೆಳೆಸಿದ ಅಕೇಶಿಯಾ ನೆಡುತೋಪು ಮಾತ್ರ ಮುಂದುವರಿದಿದೆ. ಕಟಾವಾದ ಜಾಗದಲ್ಲಿ ಮತ್ತೆ ಅದನ್ನೇ ನೆಡುವುದು ಬೇಡ, ಕಾಡುಮರ ಬರಲಿ ಅಂತ ಗ್ರಾಮಸಭೆ ಠರಾವು ಮಾಡಬಹುದು.

ಮುಂದಿನ ಸಭೆಯಲ್ಲಿ ಪಿಡಿಒ ಅವರನ್ನು ಎರಡೇ ಪ್ರಶ್ನೆ ಕೇಳಿ. ನಮ್ಮ ಜೀವವೈವಿಧ್ಯ ಸಮಿತಿಯಲ್ಲಿ ಯಾರ‍್ಯಾರಿದ್ದಾರೆ? ಊರಿನ ಗಿಡ, ಮರ, ಪ್ರಾಣಿಗಳನ್ನು ಬರೆದಿಡುವ ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಎಲ್ಲಿದೆ? ಪುಸ್ತಕ ಸಿಕ್ಕರೆ ಅದರಲ್ಲಿ ಉಪ್ಪಾಗೆ, ರಾಂಪತ್ರೆ, ಅಪ್ಪೆಮಿಡಿ ಮರಗಳು ಸೇರಿವೆಯಾ ನೋಡಿ. ಇಲ್ಲದಿದ್ದರೆ ಸೇರಿಸಿ.